ರಾಮನವಮಿಗೊಂದು ರೆಗ್ಯುಲೇಟರ್

ವೇಲಚೇರಿಯ ಆ ವಸತಿ ಸಮುಚ್ಚಯದಲ್ಲಿ ಶ್ರೀರಾಮನವಮಿಯ ಪಾನಕವೆಂದರೆ ಸೀತಾರಾಮರ ಪಾನಕ. ವಿಮಾ ಕಚೇರಿಯಲ್ಲಿ ಅನ್ಯರ ಆಯುಷ್ಯವನ್ನು ಲೆಕ್ಕಹಾಕಿ ನಿವೃತ್ತರಾದ ಆ ಮಹನೀಯರು ತಮ್ಮ ಶೇಷಾಯುಷ್ಯವನ್ನು ಭಾಷ್ಯಗಳ ಪಾಠಕ್ಕೂ ಈ ಒಂದು ಪಾನಕಕ್ಕೂ ಮೀಸಲಿಟ್ಟಿದ್ದರು. ಅಜ್ಜ ಕಲಸಿದ್ದು, ತಂದೆ ಕಲಸಿದ್ದು. ಬೆಲ್ಲ ಕಪ್ಪಗಿರಬೇಕು, ಮೆಣಸನ್ನು ಕುಟ್ಟಬೇಕೇ ಹೊರತು ನುಣ್ಣಗೆ ಪುಡಿಮಾಡಬಾರದು, ಶುಂಠಿ ಗಂಟಲನ್ನು ಮುಟ್ಟಿ ಎಚ್ಚರಿಸಬೇಕು ಎಂಬ ವಿಧಿನಿಷೇಧಗಳ ಸಮೇತ ಮೈಸೂರಿನ ಅಗ್ರಹಾರದಿಂದ ಮದರಾಸಿಗೆ ಬಂದದ್ದು. ಇಂಥ ಪರಂಪರೆಯ ಕುತ್ತಿಗೆಗೆ ಯುಗಾದಿಯ ಮರುದಿನವೇ ಕುತ್ತು ಬಂತು. ತಂದವರು ಸಮುಚ್ಚಯದ ಕಾರ್ಯದರ್ಶಿ ಅಂದಾನಿಯವರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಗದಗಿನ ಮಾತನ್ನು ಪೆರಂಬೂರಿನಲ್ಲಿ ಮೂವತ್ತು ವರ್ಷ ಕಳೆದರೂ ಮಾಸಗೊಡದವರು.

"ಸೀತಾರಾಮರ, ಸಿಟ್ಟಾಗಬ್ಯಾಡ್ರಿ. ಹ್ವಾದ ವರ್ಷ ನಿಮ್ಮ ಪಾನಕಾ ಯಾರ ಕುಡದ್ರು ಹೇಳ್ರಿ? ಇರುವಿ ಕುಡದ್ವು. ಅರ್ಧಾ ಕೊಳಗ ಗಟಾರಕ್ಕ ಹೋತು."

"ಪ್ರಸಾದವನ್ನು ಗಟಾರಕ್ಕೆ ಸುರಿದವರು ಯಾರು ಸ್ವಾಮಿ?" ಎಂದರು ಸೀತಾರಾಮರು ಬಿಗಿಯಾಗಿ.

"ನಾನs ಸುರದೆ. ಮತ್ತೇನ್ ಟೆರೇಸಿನ್ಯಾಗ ಇಟ್ಟು ಪೂಜಾ ಮಾಡ್ಲ್ಯಾ? ದೇವರು ಕುಡೀತಾನ್ರಿ, ಹುಡುಗ್ರು ಕುಡಿಯಂಗಿಲ್ಲ. ಕಮಿಟಿ ಠರಾವು ಆಗೇತಿ. ಈ ವರ್ಷ ಹುಡುಗ್ರು ಕುಡದು ಪಾತ್ರಿ ಬರಿದು ಮಾಡಿದ್ರ ಸರಿ. ಉಳೀತಂದ್ರ ಬರೂ ವರ್ಷದಿಂದ ಕೂಲ್‌ಡ್ರಿಂಕ್."

ಮರ್ಯಾದಾಪುರುಷೋತ್ತಮನ ಜನ್ಮದಿನಕ್ಕೆ ಪ್ಲಾಸ್ಟಿಕ್ ಬಾಟಲಿ, ಅದರೊಳಗೊಂದು ಹೀರುಗೊಳವೆ! ಸೀತಾರಾಮರಿಗೆ ಆ ಮಧ್ಯಾಹ್ನದ ಊಟ ರುಚಿಸಲಿಲ್ಲ. ಮೂರು ತಲೆಮಾರು ನಡೆದ ಸೇವೆ ತಮ್ಮ ಕೈಯಲ್ಲಿ ನಿಂತುಹೋಗುವುದೇ? ಕಾರಣವನ್ನು ಮೂಲದಲ್ಲೇ ಹುಡುಕಬೇಕೆಂದು ಅವರು ಸಂಜೆ ಅಂದಾನಿಯವರ ಮೊಮ್ಮಗಳು ವೀಕ್ಷಾಳನ್ನು ಜಾರುಬಂಡೆಯ ಬಳಿ ಹಿಡಿದು ನಿಲ್ಲಿಸಿದರು. ಒಂಬತ್ತು ವರ್ಷದ ಆ ಕನ್ಯಾಮಣಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ.

"ಪಾನಕ ಯಾಕಮ್ಮ ಕುಡಿಯೋಲ್ಲ ನೀವೆಲ್ಲ?"

"ಅದುಲ ಗ್ಯಾಸೇ ಇಲ್ಲೆಯೇ ತಾತಾ! ಮೂಕ್ಕುಲ ಸುರ್ರುನು ಏರಣುಂ."

ಅದರಲ್ಲಿ ಗ್ಯಾಸೇ ಇಲ್ಲ, ಮೂಗಿಗೆ ಸುರ್ರೆಂದು ಏರಬೇಕು. ಪೂರ್ವಪಕ್ಷ ಇಷ್ಟೇ. ಸೀತಾರಾಮರು ನಕ್ಕರು, ಏಕೆಂದರೆ ಇದಕ್ಕೆ ಸಿದ್ಧಾಂತ ಏಳನೆಯ ಮಹಡಿಯಲ್ಲಿ, ತಮ್ಮ ಮಗಳ ಮನೆಯ ಬಾಲ್ಕನಿಯಲ್ಲಿ, ಹಳೆಯ ಸೂಟ್‌ಕೇಸುಗಳ ಮರೆಯಲ್ಲಿ ನಿಂತಿರುವುದು ಅವರಿಗೆ ಗೊತ್ತಿತ್ತು.

ಗೊತ್ತಾದ ಬಗೆಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ತಿಂಗಳ ಹಿಂದೆ ಅಳಿಯ ಪ್ರತಾಪನ ಹೆಸರಿಗೆ ಬಂದ ಪಾರ್ಸೆಲ್ಲೊಂದನ್ನು ಕಾವಲುಗಾರ ಸೀತಾರಾಮರ ಬಾಗಿಲಿಗೆ ಕೊಟ್ಟುಹೋಗಿದ್ದ. ಅವರ ಪತ್ನಿ ಸರಸಮ್ಮನವರು ವಿಳಾಸ ನೋಡುವ ಅಭ್ಯಾಸದವರಲ್ಲ. ತವರಿನಿಂದ ತಂಗಿ ಕಳಿಸಿದ್ದಾಳೆಂದು ಬಿಚ್ಚಿದರು. ಒಳಗೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. "ಎಷ್ಟು ಒಪ್ಪವಾಗಿ ಕೇರಿದ್ದಾಳೆ!" ಎಂದು ಮೆಚ್ಚಿ, ಹದವಾಗಿ ಹುರಿದು, ಬೀಸಿಸಿ, ಹುರಿಹಿಟ್ಟು ಮಾಡಿ ಡಬ್ಬಿ ತುಂಬಿದರು. ಚೀಲದ ಮೇಲಿನ ಅಕ್ಷರಗಳನ್ನು ಓದಿದವರು ಸೀತಾರಾಮರೊಬ್ಬರೇ. ಅದು ಬಿಯರ್ ಕಾಯಿಸುವವರ ಧಾನ್ಯವೆಂಬುದು ಚಿತ್ರಸಮೇತ ಮುದ್ರಿತವಾಗಿತ್ತು. ಅವರು ಚೀಲವನ್ನು ಮಡಿಸಿ ಕಸಕ್ಕೆ ಹಾಕಿದರು, ಹುರಿಹಿಟ್ಟನ್ನು ಹಾಲು ಬೆಲ್ಲ ಹಾಕಿ ತಿಂದರು, ಬಾಯಿ ಬಿಡಲಿಲ್ಲ. ಆ ಭಾನುವಾರ ಊಟಕ್ಕೆ ಬಂದ ಅಳಿಯನಿಗೂ ಅದನ್ನೇ ಬಡಿಸಲಾಯಿತು. ಪೆರುಂಗುಡಿಯ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಆ ತರುಣ, "ಅತ್ತೆ, ಸಖತ್ತಾಗಿದೆ" ಎಂದು ಎರಡನೆಯ ಸಲ ಹಾಕಿಸಿಕೊಂಡ. ತನ್ನ ಬಿಯರನ್ನೇ ತಾನು ಉಂಡೆ ಕಟ್ಟಿ ತಿನ್ನುತ್ತಿದ್ದೇನೆಂಬ ಪರಿಜ್ಞಾನ ಆ ಪುಣ್ಯಾತ್ಮನಿಗಿರಲಿಲ್ಲ. ಮುಂದೊಂದು ದಿನ ಮಗಳ ಬಾಲ್ಕನಿಯಲ್ಲಿ ಸೂಟ್‌ಕೇಸುಗಳ ಹಿಂದೆ ಉಕ್ಕಿನ ಹೊಳಪು ಕಂಡಾಗ, ಉಳಿದದ್ದನ್ನು ಸೀತಾರಾಮರು ತಾವೇ ಊಹಿಸಿಕೊಂಡರು.

ಸೀತಾರಾಮರು ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲೇ ಏಳನೆಯ ಮಹಡಿಗೇರಿದರು. ಬಾಲ್ಕನಿಯಲ್ಲಿ ತುಳಸಿಗೆ ನೀರೆರೆಯುವ ನೆಪದಿಂದ ಸೂಟ್‌ಕೇಸನ್ನು ಸರಿಸಿದರು. ಊಟದ ಮೇಜಿನ ಕೆಳಗೆ ನಿಲ್ಲುವಷ್ಟು ಎತ್ತರದ, ನೀಳವಾದ, ಹೊಚ್ಚಹೊಸ ಉಕ್ಕಿನ ಪಾತ್ರೆ, ಬಿಯರ್ ತುಂಬಿಡುವ ಕೆಗ್ಗು. ನೆತ್ತಿಯಲ್ಲಿ ಎರಡು ಮೊಳಕೆಗಳಂಥ ಮೂತಿ. ಪಕ್ಕದಲ್ಲಿ ಮಣಲಿಯ ಕಾರ್ಖಾನೆಗಳ ಕಡೆಯಿಂದ ತರಿಸಿದ ಗ್ಯಾಸಿನ ಸಣ್ಣ ಸಿಲಿಂಡರ್.

"ಏನಿದು ಅಳಿಯಂದಿರೇ?"

ಪ್ರತಾಪ ಕೈಯಲ್ಲಿದ್ದ ಕಾಫಿ ಲೋಟವನ್ನು ಹಿಡಿದೇ ನಿಂತ. "ಅದು... ಮಾವ... ಸೋಡಾ. ಮನೇಲೇ ಸೋಡಾ ಮಾಡ್ಕೊಳೋಣ ಅಂತ. ಹೆಲ್ತಿ."

ಒಳಗಿನಿಂದ ಮಗಳು ಮಾನಸ ಕೆಮ್ಮಿದಳು. ಆ ಕೆಮ್ಮಿನಲ್ಲಿ ನೆಗಡಿಯ ಲಕ್ಷಣ ಕಾಣಲಿಲ್ಲ.

"ಓಹೋ, ಸೋಡಾ!" ಸೀತಾರಾಮರ ಮುಖದಲ್ಲಿ ಮಗುವಿನ ಮುಗ್ಧತೆ ಬೆಳಗಿತು. "ರಾಮನೇ ಕೊಡಿಸಿದ. ಪಾನಕಕ್ಕೆ ಗ್ಯಾಸ್ ತುಂಬೋಕಾಗುತ್ಯೆ ಇದರಲ್ಲಿ?"

"ಆಗತ್ತೆ... ಆದ್ರೆ ರೆಗ್ಯುಲೇಟರ್ ಇಲ್ಲ ಮಾವ. ಯಾವುದು ತಗೊಳೋದು ಅಂತ ಇನ್ನೂ ನೋಡ್ತಿದೀನಿ. ಅದಿಲ್ದೆ ಏನೂ ಮಾಡೋಕಾಗಲ್ಲ," ಎಂದ ಪ್ರತಾಪ, ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತೆಂಬ ಹರ್ಷದಿಂದ.

"ಹಾಗಾದ್ರೆ ನಾಳೆಯೇ ಹೋಗಿ ತರೋಣ. ನಾನೂ ಬರ್ತೀನಿ."

"ಒಂದೇ ದಿನಕ್ಕೆ ತಾನೆ ಮಾವ? ಆಮೇಲೆ ಕೆಗ್ ವಾಪಸ್..."

ಸೀತಾರಾಮರಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಅವರ ಕಿವಿಗಳು ಆಯ್ದ ಸಂದರ್ಭಗಳಲ್ಲಿ ಮಾತ್ರ ಮಂದವಾಗುತ್ತಿದ್ದವು. ರಾಮನಿಗೆ ಒಮ್ಮೆ ನೈವೇದ್ಯಕ್ಕಿಟ್ಟ ಪಾತ್ರೆ ಅನ್ಯಕಾರ್ಯಕ್ಕೆ ಸಲ್ಲದೆಂಬ ನಿಯಮ ಅವರ ಮನೆಯಲ್ಲಿ ಎಷ್ಟು ಹಳೆಯದೆಂದರೆ, ಅದನ್ನು ಅಳಿಯನಿಗೆ ಈಗ ಬಿಡಿಸಿ ಹೇಳುವ ಅಗತ್ಯ ಅವರಿಗೆ ತೋರಲಿಲ್ಲ.

ರೆಗ್ಯುಲೇಟರೆಂಬ ಮಾತು ಕಿವಿಗೆ ಬಿದ್ದೊಡನೆ, ಮಗಳ ಅಡುಗೆಮನೆಯಲ್ಲಿದ್ದ ಸರಸಮ್ಮನವರು ಅಲ್ಲಿಂದಲೇ ಕೂಗಿದರು: "ಹೊಸದು ಯಾಕೆ? ಹಳೇ ಗ್ಯಾಸ್ ಒಲೆಯದು ನಮ್ಮ ಅಟ್ಟದ ಮೇಲಿದೆಯಲ್ಲ!"

"ಅತ್ತೆ, ಅದು ಬೇರೆ ಗ್ಯಾಸು!" ಎಂದು ಪ್ರತಾಪ ಗಾಬರಿಯಿಂದ ಅಂಗಲಾಚಿದ.

ಮದರಾಸಿನ ಪ್ಯಾರಿಸ್ ಕಾರ್ನರಿನ ಹಿಂದಿನ ಇಕ್ಕಟ್ಟಾದ ಬೀದಿಯಲ್ಲಿ ಕೊಳವೆ, ಕವಾಟ, ಸಿಲಿಂಡರುಗಳ ಅಂಗಡಿ. ಮಾವ ಅಳಿಯಂದಿರು ಒಳಹೊಕ್ಕು ಬೇಕಾದ್ದನ್ನು ಹೇಳುವ ಮೊದಲೇ ಅಂಗಡಿಯವನು ಪ್ರತಾಪನ ಗಡ್ಡವನ್ನೊಮ್ಮೆ ನೋಡಿ, "ಬೀರ್ ಕೆಗ್‌ಗಾ ಸಾರ್? ಇಪ್ಪೊ ನಿರೆಯ ಪೇರ್ ವಾಂಗಿಟ್ಟು ಪೋರಾಂಗ" ಎಂದ. ಈಗ ಬಹಳ ಜನ ಕೊಂಡುಹೋಗುತ್ತಿದ್ದಾರಂತೆ.

ಪ್ರತಾಪನ ಮುಖ ಬಿಳಿಚಿತು. ಸೀತಾರಾಮರು ಹಣೆಯ ಅಕ್ಷತೆಯನ್ನು ಸವರಿಕೊಂಡು, ಗಂಭೀರವಾಗಿ, "ಇಲ್ಲೆಪ್ಪಾ. ರಾಮರುಕ್ಕು" ಎಂದರು. ಅಲ್ಲಪ್ಪಾ, ರಾಮನಿಗೆ.

ವ್ಯಾಪಾರಿಯಾದವನು ಗಿರಾಕಿಯ ಮನೆದೇವರನ್ನು ಪ್ರಶ್ನಿಸಬಾರದು. ಅಂಗಡಿಯವನು ಮೂರು ರೆಗ್ಯುಲೇಟರುಗಳನ್ನು ತಂದು ಕಾಗದದ ಮೇಲಿಟ್ಟ. ಒಂದಕ್ಕೆ ಒಂದೇ ಗಡಿಯಾರದಂಥ ಮುಖ. ಇನ್ನೊಂದಕ್ಕೆ ಎರಡು ಮುಖ, ಮೈಯೆಲ್ಲ ಕನ್ನಡಿಯಂಥ ಹೊಳಪಿನ ಲೇಪ, ತಿರುಗಿಸಲು ಕಪ್ಪು ಪ್ಲಾಸ್ಟಿಕ್ಕಿನ ಗುಂಡಿ. ಮೂರನೆಯದಕ್ಕೂ ಎರಡು ಮುಖವೇ. ಆದರೆ ಮೈಯೂ ಗುಂಡಿಯೂ ಅಪ್ಪಟ ಹಿತ್ತಾಳೆ.

"ಸಿಲಿಂಡರ್ ಒಳಗೆ ಪ್ರೆಷರ್ ಭಯಂಕರ ಇರತ್ತೆ ಮಾವ," ಎಂದು ಪ್ರತಾಪ ವಿವರಿಸಿದ. ವಿಷಯ ತನಗೆ ಪ್ರಿಯವಾದುದರಿಂದ ಅವನ ಭಯ ಕರಗಿತ್ತು. "ನೇರವಾಗಿ ಬಿಟ್ರೆ ಅನಾಹುತ. ಇದು ಅದನ್ನ ತಗ್ಗಿಸಿ ನಮಗೆ ಬೇಕಾದಷ್ಟೇ ಕೊಡತ್ತೆ. ಈ ಮುಳ್ಳು ಸಿಲಿಂಡರಲ್ಲಿ ಎಷ್ಟಿದೆ ಅಂತ ತೋರ್ಸತ್ತೆ. ಈ ಮುಳ್ಳು ಕೆಗ್‌ಗೆ ಎಷ್ಟು ಹೋಗ್ತಿದೆ ಅಂತ. ಒಂದೇ ಮುಳ್ಳಿಂದು ತಗೊಂಡ್ರೆ ಸಿಲಿಂಡರ್ ಯಾವಾಗ ಮುಗಿಯತ್ತೋ ಗೊತ್ತಾಗಲ್ಲ."

ಸೀತಾರಾಮರ ಕಣ್ಣುಗಳು ಅರಳಿದವು. "ಅಂದ್ರೆ ಇದು ಸಂಚಿತ, ಇದು ಪ್ರಾರಬ್ಧ! ಕೂಡಿಟ್ಟ ಕರ್ಮ ಎಷ್ಟು ಅನ್ನೋದು ಒಂದು ಮುಳ್ಳು. ಅದರಲ್ಲಿ ಈಗ ಅನುಭವಕ್ಕೆ ಬಂದದ್ದೆಷ್ಟು ಅನ್ನೋದು ಇನ್ನೊಂದು. ನಡುವೆ ಈ ಗುಂಡಿ ಪುರುಷಪ್ರಯತ್ನ. ಭಲೆ! ಮತ್ತೆ ಈ ಸಣ್ಣ ಮೂತಿ?"

"ಅದು ಸೇಫ್ಟಿ ವಾಲ್ವು. ಪ್ರೆಷರ್ ಅತಿಯಾದ್ರೆ ತಾನೇ ತೆರ್ಕೊಂಡು ಹೊರಗೆ ಬಿಡತ್ತೆ."

"ಪ್ರಾಯಶ್ಚಿತ್ತ," ಎಂದು ಸೀತಾರಾಮರು ತಲೆದೂಗಿದರು. ಒಂದೇ ಮುಳ್ಳಿನದು ಹೀಗೆ ಶಾಸ್ತ್ರದ ಬಲದಿಂದಲೇ ತಿರಸ್ಕೃತವಾಯಿತು. ಉಳಿದೆರಡರಲ್ಲಿ ಪ್ರತಾಪ ಕಪ್ಪು ಗುಂಡಿಯದಕ್ಕೆ ಕೈ ಚಾಚಿದ. ಮಾವ ಅವನ ಕೈಯನ್ನು ಮೆಲ್ಲನೆ ಸರಿಸಿ, ಹಿತ್ತಾಳೆಯದನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಒಳಗೆ ಎರಡೂ ಒಂದೇ ಮಾವ. ಆದ್ರೆ ಅದು ಸ್ವಲ್ಪ ನೀಟಾಗಿದೆ."

"ಪ್ಲಾಸ್ಟಿಕ್ಕಿಗೆ ಮಡಿ ಎಲ್ಲಿಂದ ಬರ್ಬೇಕು ಅಳಿಯಂದಿರೇ? ಲೋಹ ಅಂದ್ರೆ ತಿಕ್ಕಿದಷ್ಟೂ ಶುದ್ಧ. ಇದು ದೇವರ ಪೆಟ್ಟಿಗೆಯ ಪಕ್ಕ ಕೂತ್ರೂ ಒಪ್ಪುತ್ತೆ." ಅಲ್ಲಿಗೆ ಆಯ್ಕೆ ಮುಗಿಯಿತು.

ನವಮಿಯ ಹಿಂದಿನ ಸಂಜೆ ಸರಸಮ್ಮನವರು ದೇವರ ಸಾಮಾನುಗಳನ್ನೆಲ್ಲ ಹಿತ್ತಿಲ ಬಾಲ್ಕನಿಯಲ್ಲಿ ಹರಡಿಕೊಂಡು ಕುಳಿತರು: ಪಂಚಪಾತ್ರೆ, ಉದ್ಧರಣೆ, ಘಂಟೆ, ದೀಪದ ಕಂಬಗಳು. ಹೊಸ ಹಿತ್ತಾಳೆಯೊಂದು ದೇವರ ಕಾರ್ಯಕ್ಕೆ ಬರುವಾಗ ಅದಕ್ಕೂ ಸಂಸ್ಕಾರವಾಗಬೇಡವೇ? ಹುಣಸೆಹಣ್ಣಿನ ಗಟ್ಟಿ ನೀರಿನ ಪಾತ್ರೆಯಲ್ಲಿ ರೆಗ್ಯುಲೇಟರನ್ನು ಪೂರ್ತಿ ಮುಳುಗಿಸಿಟ್ಟರು. ಬೆಳಗಾಗೆದ್ದು ತೂತುತೂತಿಗೂ ಹುಣಸೆಯ ತಿರುಳು ತುರುಕಿ ನಾರಿನಿಂದ ಉಜ್ಜಿ, ತೊಳೆದು, ಅರಿಸಿನ ಕುಂಕುಮ ಹಚ್ಚಿದರು. ಅದು ಬಂಗಾರದಂತೆ ಹೊಳೆಯಿತು. ಸೀತಾರಾಮರು ಅದನ್ನು ಕಣ್ತುಂಬ ನೋಡಿ, "ಇದಕ್ಕೇ ನಾನು ಹಿತ್ತಾಳೆ ಅಂದದ್ದು" ಎಂದರು. ಎರಡು ಮುಖಗಳಲ್ಲಿ ಒಂದರ ಗಾಜಿನೊಳಗೆ ಸಣ್ಣದೊಂದು ನೀರಹನಿ ಕೂತಿದ್ದನ್ನು ಇಬ್ಬರೂ ಅಭಿಷೇಕದ ಶೇಷವೆಂದೇ ಬಗೆದರು.

ನೆಲಮಹಡಿಯ ಸಭಾಂಗಣದಲ್ಲಿ ಪೂಜೆ ಸಾಂಗವಾಗಿ ನೆರವೇರಿತು. ಬಟ್ಟೆಯಲ್ಲಿ ಸೋಸಿದ ಪಾನಕವನ್ನು ಕೆಗ್ಗಿಗೆ ತುಂಬಿ, ತುಳಸೀದಳವಿಟ್ಟು ರಾಮನಿಗೆ ನಿವೇದಿಸಿ, ಮುಚ್ಚಳ ಬಿಗಿದು, ಒಂದು ಮೂತಿಗೆ ರೆಗ್ಯುಲೇಟರಿನ ಕೊಳವೆಯನ್ನೂ ಇನ್ನೊಂದಕ್ಕೆ ನಲ್ಲಿಯನ್ನೂ ಜೋಡಿಸಿ, ಬಕೆಟ್ಟಿನ ಮಂಜುಗಡ್ಡೆಯಲ್ಲಿ ನಿಲ್ಲಿಸಲಾಗಿತ್ತು. ಮಕ್ಕಳು ಗೋಡೆಗೊರಗಿ ಸಾಲಾಗಿ ಕುಳಿತಿದ್ದರು, ಮುಖದಲ್ಲಿ ಹೋದ ವರ್ಷದ ನೆನಪಿತ್ತು. ಅಂದಾನಿಯವರು ಗರಿಗರಿ ಬಿಳಿಯ ಅಂಗಿ ತೊಟ್ಟು, ನ್ಯಾಯಾಧೀಶರಂತೆ ನಲ್ಲಿಯ ಎದುರೇ ಕುರ್ಚಿ ಹಾಕಿಸಿಕೊಂಡು ಕುಳಿತರು.

ಪ್ರತಾಪ ಸಿಲಿಂಡರಿನ ಬಾಯಿ ತೆರೆದ. ಸಂಚಿತದ ಮುಳ್ಳು ಠೀವಿಯಿಂದ ಮೇಲೇರಿತು. ಗುಂಡಿಯನ್ನು ಮೆಲ್ಲನೆ ತಿರುಗಿಸಿದ. ಪ್ರಾರಬ್ಧದ ಮುಳ್ಳು ಸೊನ್ನೆಯಲ್ಲಿಯೇ ಮಲಗಿತ್ತು.

"ಗ್ಯಾಸ್ ಹೋಗ್ತಿಲ್ಲ ಅನ್ಸತ್ತೆ ಮಾವ."

"ಇನ್ನೂ ತಿರುಗಿಸಿ. ಪುರುಷಪ್ರಯತ್ನ ಸಾಲದು."

ಇನ್ನೂ ತಿರುಗಿಸಿದ. ಮುಳ್ಳು ಅಲುಗಲಿಲ್ಲ. ಕೆಗ್ಗನ್ನು ಅಪ್ಪಿಕೊಂಡು ಅಲ್ಲಾಡಿಸಿದ; ಗ್ಯಾಸು ಪಾನಕದಲ್ಲಿ ಬೆರೆಯಲು ಹಾಗೆ ಮಾಡಬೇಕಂತೆ. ಮುಳ್ಳಿಗೆ ಅದೂ ನಾಟಲಿಲ್ಲ.

"ಏನ್ರೀ, ಗಾಡಿ ಯಾವಾಗ ಬಿಡ್ತದ?" ಎಂದು ಅಂದಾನಿಯವರು ಕೆಣಕಿದರು. "ಸಿಗ್ನಲ್ ಸಿಕ್ಕಿಲ್ಲೇನು?"

ಸೀತಾರಾಮರ ಕಿವಿ ಕೆಂಪಾಯಿತು. ಮೂರು ತಲೆಮಾರು ಆ ಸಣ್ಣ ಮುಳ್ಳಿನ ತುದಿಯಲ್ಲಿ ಕೂತು ತಮ್ಮನ್ನೇ ನೋಡುತ್ತಿರುವಂತೆ ಅವರಿಗೆ ಭಾಸವಾಯಿತು. "ಪೂರ್ತಿ ತಿರುಗಿಸಿ ಅಳಿಯಂದಿರೇ!"

ಪ್ರತಾಪ ಪೂರ್ತಿ ತಿರುಗಿಸಿದ. ಮರುಕ್ಷಣ ಪ್ರಾಯಶ್ಚಿತ್ತದ ಮೂತಿ ಬಾಯಿ ಬಿಟ್ಟು, ಕೂ ಎಂದು ಸಭಾಂಗಣ ನಡುಗುವಂತೆ ಸಿಳ್ಳು ಹಾಕಿತು. ಬದುಕಿಡೀ ಸಿಳ್ಳಿಗೆ ಓಗೊಟ್ಟ ಅಂದಾನಿಯವರು ತಮಗರಿಯದೆಯೇ ಎದ್ದುನಿಂತು, ಹಸಿರು ಬಾವುಟ ಬೀಸುವಂತೆ ಬಲಗೈ ಎತ್ತಿದರು. ಅದನ್ನು ನಲ್ಲಿ ಬಿಡುವ ಅಪ್ಪಣೆಯೆಂದು ತಿಳಿದ ಸೀತಾರಾಮರು ನಲ್ಲಿಯ ಹಿಡಿಕೆ ಒತ್ತಿದರು.

ಪಾನಕ ಲೋಟದತ್ತ ನೋಡಲೇ ಇಲ್ಲ. ಬಂದೂಕಿನಿಂದ ಹೊರಟಂತೆ ಹೊರಟು, ನೊರೆಯ ಕಂಬವಾಗಿ ಅಂದಾನಿಯವರ ಎದೆಗೆ ಬಡಿದು, ಅಲ್ಲಿಂದ ಚಿಮ್ಮಿ ಸೂರಿಗೇರಿ, ಮಕ್ಕಳ ಸಾಲಿನ ಮೇಲೆ ಹೂಮಳೆಯಾಗಿ ಇಳಿಯಿತು. ಪ್ರತಾಪ ಹಾರಿ ಸಿಲಿಂಡರ್ ಮುಚ್ಚಿದ. ಫ್ಯಾನಿನ ರೆಕ್ಕೆಗಳಿಂದ ತೊಟತೊಟನೆ ಹನಿ ಬೀಳುವ ಸದ್ದೊಂದೇ ಉಳಿಯಿತು.

ಸೀತಾರಾಮರು ಕಣ್ಣು ಮುಚ್ಚಿಕೊಂಡರು. ಅಜ್ಜನೂ ತಂದೆಯೂ ಆ ಕತ್ತಲಲ್ಲಿ ಬೆನ್ನು ತಿರುಗಿಸಿ ನಡೆದುಹೋಗುತ್ತಿದ್ದರು. ಮುಗಿಯಿತು, ಬರುವ ವರ್ಷ ಹೀರುಗೊಳವೆ.

"ಐ!" ಎಂಬ ದನಿ ಕೇಳಿತು. ವೀಕ್ಷಾ ತನ್ನ ಮೊಣಕೈಯ ನೊರೆಯನ್ನು ನೆಕ್ಕಿ ನೋಡುತ್ತಿದ್ದಳು. ಮೂಗು ಹಿಡಿದುಕೊಂಡಳು, ಕಣ್ಣರಳಿಸಿದಳು. "ತಾತಾ! ಏರುದು! ಮೂಕ್ಕುಲ ಏರುದು!"

ಮೂಗಿಗೆ ಏರುತ್ತಿತ್ತು. ಶುಂಠಿಯೂ ಮೆಣಸೂ ಗ್ಯಾಸಿನ ಬೆನ್ನೇರಿ, ಅಜ್ಜನ ಕಾಲದಲ್ಲಿ ತಲುಪದಿದ್ದ ಎತ್ತರಗಳನ್ನು ತಲುಪುತ್ತಿದ್ದವು. ಪ್ರತಾಪ ಕೆಗ್ಗಿನ ಹೆಚ್ಚಿನ ಒತ್ತಡವನ್ನು ಕೈಯಂದಾಜಿನಲ್ಲೇ ಹೊರಬಿಡುವಷ್ಟರಲ್ಲಿ ಲೋಟಗಳ ಕಾಡೇ ಎದ್ದು ನಿಂತಿತ್ತು. "ಎನಕ್ಕು! ಎನಕ್ಕು ಮೊದಲ್ಲ!" ಎಂದು, ನನಗೆ ಮೊದಲು ನನಗೆ ಮೊದಲು ಎಂಬ ಗದ್ದಲ. ನೊರೆಯ ಮೀಸೆ ಹೊತ್ತ ಮಕ್ಕಳು ಒಬ್ಬರ ಮೂಗನ್ನೊಬ್ಬರು ನೋಡಿ ನಕ್ಕು, ಸಾಲಿನ ಕೊನೆಗೆ ಓಡಿ ಮತ್ತೆ ನಿಂತರು. ಅಪ್ಪ ಅಮ್ಮಂದಿರಿಗೆ ಅರ್ಧರ್ಧ ಲೋಟ ಸಿಕ್ಕಿದ್ದೇ ಹೆಚ್ಚು. ಕಡೆಗೆ ನಲ್ಲಿ ಗೊರಗೊರ ಎಂದು ಉಸಿರು ಬಿಟ್ಟು ಸುಮ್ಮನಾಯಿತು.

ಅಂದಾನಿಯವರು ತೊಯ್ದ ಅಂಗಿಯಲ್ಲಿಯೇ ಕೆಗ್ಗಿನ ಬಳಿ ಬಂದು, ಎತ್ತಿ ಅಲ್ಲಾಡಿಸಿ ಕಿವಿಯಿಟ್ಟು ಕೇಳಿದರು. ಅದು ಬರಿದಾಗಿತ್ತು.

"ನನಗ ಒಂದ ಲೋಟಾ ತಗದಿಟ್ಟಿಲ್ಲೇನ್ರಿ?" ಎಂದರು ನೊಂದ ದನಿಯಲ್ಲಿ.

"ಎಲ್ಲರಿಗಿಂತ ಮೊದಲು ನಿಮಗೇ ಆಯಿತಲ್ಲ ಸ್ವಾಮಿ, ಅಭಿಷೇಕಪೂರ್ವಕವಾಗಿ," ಎಂದು ಸೀತಾರಾಮರು ಕೈಮುಗಿದರು.

ಅಂದಾನಿಯವರು ಮೀಸೆಯನ್ನೊಮ್ಮೆ ಚೀಪಿದರು, ಯೋಚಿಸಿದರು. "ಠರಾವು ರದ್ದು," ಎಂದರು. "ಆದ್ರ ಬರೂ ವರ್ಷ ನಾ ಹಿಂದ ಕೂಡ್ತೀನಿ."

ಸಂಜೆ ಮಾವನ ಮನೆಯಲ್ಲಿ ಪ್ರತಾಪ ರೆಗ್ಯುಲೇಟರನ್ನು ಬಿಚ್ಚಿದ. ಪ್ರಾರಬ್ಧದ ಗೇಜಿಗೆ ಹೋಗುವ ಸೂಜಿಗಾತ್ರದ ತೂತಿನಲ್ಲಿ ಹುಣಸೆಯ ನಾರು ಬಿರಡೆಯಂತೆ ಕೂತಿತ್ತು. ಅವನು ಅದನ್ನು ಹೊರಗೆಳೆದು ಅತ್ತೆಯ ಮುಂದೆ ಹಿಡಿದ.

"ಅಯ್ಯೋ, ಅಷ್ಟು ತೊಳೆದ್ರೂ ಉಳಿದಿತ್ತೇ?" ಎಂದು ಸರಸಮ್ಮನವರು ನಾಚಿದರು. "ಇನ್ನೊಂದ್ಸಲ ನೆನೆಹಾಕ್ಲಾ?"

"ಬೇಡ ಅತ್ತೆ! ಹೋಗ್ಲಿ ಬಿಡಿ. ನಾನು ಕೆಗ್ ಮೇಲಕ್ಕೆ ತಗೊಂಡು ಹೋಗ್ತೀನಿ. ಎಲ್ಲಿಟ್ರಿ?"

ಸರಸಮ್ಮನವರು ದೇವರ ಕೋಣೆಯತ್ತ ಬೆರಳು ತೋರಿಸಿದರು. ಮಣೆಯ ಮೇಲೆ, ಸುತ್ತ ರಂಗೋಲಿಯ ನಡುವೆ, ಹೊಟ್ಟೆಯ ಮೇಲೆ ನಾಮ ತೀಡಿಸಿಕೊಂಡು, ಕೊರಳಲ್ಲಿ ತುಳಸಿಮಾಲೆ ಧರಿಸಿ ಕೆಗ್ಗು ವಿರಾಜಿಸುತ್ತಿತ್ತು. "ನೈವೇದ್ಯ ಆದ ಪಾತ್ರೆ. ಇನ್ನು ಬೇರೆ ಯಾವುದಕ್ಕೂ ಮುಟ್ಟೋ ಹಾಗಿಲ್ವಲ್ಲ. ಮುಂದೆ ನರಸಿಂಹಜಯಂತಿಗೂ ಪಾನಕವೇ."

ಪ್ರತಾಪ ಮಾವನತ್ತ ತಿರುಗಿದ. ಸೀತಾರಾಮರು ಗ್ರಂಥದಲ್ಲಿ ಮಗ್ನರಾಗಿದ್ದರು, ಗ್ರಂಥ ತಲೆಕೆಳಗಾಗಿತ್ತು.

"ಮಾವ, ನಿಮಗೆ ಮೊದಲೇ ಗೊತ್ತಿತ್ತು."

"ಏನು, ಸೋಡಾ ವಿಷಯವೇ?"

"ತಿಂಗಳ ಹಿಂದೆ ಬರಬೇಕಿದ್ದ ನನ್ನ ಪಾರ್ಸೆಲ್ಲೂ ನನಗೆ ಸಿಗಲಿಲ್ಲ. ವಾಚ್‌ಮನ್ ಈ ಮನೆಗೇ ಕೊಟ್ಟೆ ಅಂತಾನೆ."

"ಓ, ಆ ಜವೆಗೋಧಿ ನಿಮ್ಮದೇ?" ಎಂದರು ಸರಸಮ್ಮನವರು ಮುಖ ಅರಳಿಸಿ. "ಮೊದಲೇ ಹೇಳ್ಬಾರದೇ? ಹುರಿಹಿಟ್ಟು ಎಷ್ಟು ಘಮ್ಮಂತಿತ್ತು, ನೀವೇ ಎರಡು ಸಲ ಹಾಕಿಸ್ಕೊಂಡ್ರಿ."

ಪ್ರತಾಪ ನೆಲದ ಮೇಲೆ ಕುಳಿತುಬಿಟ್ಟ. ಮಾನಸಳ ಕೆಮ್ಮು ಮರುಕಳಿಸಿ, ಅವಳು ದುಪ್ಪಟ್ಟದಲ್ಲಿ ಬಾಯಿ ಮುಚ್ಚಿಕೊಂಡು ಹೊರಗೋಡಿದಳು.

ಅಳಿಯನ ಬಾಡಿದ ಮುಖ ಸೀತಾರಾಮರನ್ನು ಒಂದು ವಾರ ಕಾಡಿತು. ಗೆದ್ದವನು ಕೊಡುಗೈಯಾಗಬೇಕೆಂಬುದು ಅವರು ನಂಬಿದ ಧರ್ಮ. ಮುಂದಿನ ಶನಿವಾರ ಅವರೇ ಅವನನ್ನು ಹೊರಡಿಸಿಕೊಂಡು ಪ್ಯಾರಿಸ್ ಕಾರ್ನರಿನ ಅದೇ ಅಂಗಡಿಗೆ ಹೋದರು.

"ಮರುಪಡಿಯುಂ ರಾಮರುಕ್ಕಾ ಸಾರ್?" ಎಂದು ಅಂಗಡಿಯವನು ಕೇಳಿದ. ಮತ್ತೆ ರಾಮನಿಗೇ?

ಸೀತಾರಾಮರು ಕನ್ನಡಕವೇರಿಸಿ, ಕಪಾಟಿನಲ್ಲಿದ್ದುದನ್ನೆಲ್ಲ ಪರಿಶೀಲಿಸಿ, ಒಂದೇ ಮೈಗೆ ಎರಡು ಹೊರದಾರಿಗಳಿದ್ದ ರೆಗ್ಯುಲೇಟರೊಂದರ ಮೇಲೆ ಬೆರಳಿಟ್ಟರು.

"ಎರಡು ದಾರಿ ಯಾಕೆ ಮಾವ?"

"ಒಂದು ರಾಮನಿಗೆ."

"ಇನ್ನೊಂದು?"

ಸೀತಾರಾಮರು ಬೀದಿಯಲ್ಲಿ ಸಾಮಾನು ಹೇರಿಕೊಂಡು ಹೋಗುತ್ತಿದ್ದ ಮೂರು ಗಾಲಿಯ ಮೀನ್‌ಬಾಡಿ ವಂಡಿಯೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. "ನೀವು ಸೋಡಾ ಅಂದಿದ್ರಲ್ಲ. ಪಾತ್ರೆ ಬೇರೆ ತಂದ್ಕೊಳ್ಳಿ. ಗಾಳಿಗೆ ಮೈಲಿಗೆ ಇಲ್ಲ. ಆದ್ರೆ ಹೋದದ್ದು ಹಿಂದಕ್ಕೆ ಬಾರದ ಹಾಗೆ ತಡೆಯೋ ಕವಾಟ ಇರುತ್ತಂತಲ್ಲ, ಅದು ಮಾತ್ರ ಕಡ್ಡಾಯವಾಗಿ ಇರಲಿ. ನಿಮ್ಮ ಸೋಡಾ ರಾಮನ ಕಡೆ ಒಂದು ಗುಳ್ಳೆಯೂ ಬರಕೂಡದು."

ಪ್ರತಾಪ ಬಗ್ಗಿ ಮಾವನ ಕಾಲು ಮುಟ್ಟಿದ, ಇಕ್ಕಟ್ಟಾದ ಆ ಅಂಗಡಿಯಲ್ಲಿಯೇ. ಎದ್ದವನು ರೆಗ್ಯುಲೇಟರನ್ನು ತಿರುಗಿಸಿ ನೋಡಿದ. ಅದರ ಎರಡು ಗುಂಡಿಗಳೂ ಕಪ್ಪು ಪ್ಲಾಸ್ಟಿಕ್ಕಿನವು.

"ಇದನ್ನ ಹುಣಸೆಹಣ್ಣು ಹಾಕಿ ತಿಕ್ಕೋಕಾಗಲ್ವಲ್ಲ," ಎಂದರು ಸೀತಾರಾಮರು, ಸ್ವಲ್ಪ ಖೇದದಿಂದ.

"ಅದಕ್ಕೇ ಮಾವ," ಎಂದ ಪ್ರತಾಪ, ಅದನ್ನು ಎದೆಗವಚಿಕೊಂಡು.